ರುದ್ರಣ್ಣನ ಶಿಫ್ಟ್ ಪಟ್ಟಿ

ಬಲಗಿವಿಯ ಮೇಲಿತ್ತೋ, ಎಡಗಿವಿಯ ಮೇಲಿತ್ತೋ, ಆ ಹೊಲಿಗೆಯ ಗೆರೆ? ಬಲಗಿವಿ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ನಾನದನ್ನು ಹೆಚ್ಚಾಗಿ ಕಂಡದ್ದು ಕನ್ನಡಿಯಲ್ಲಿ, ವಠಾರದ ನಲ್ಲಿಯ ಹತ್ತಿರ ರುದ್ರಣ್ಣ ಗಡ್ಡ ಕೆರೆದುಕೊಳ್ಳುವಾಗ. ಹಾಗಾಗಿ ಎಡಬಲದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಗೆರೆ ಇತ್ತು, ಅದರ ಮೇಲೆ ಮತ್ತೆ ಕೂದಲು ಬೆಳೆಯಲಿಲ್ಲ, ಅದನ್ನವರು ‘ವೆಲ್ಡಿಂಗ್’ ಎನ್ನುತ್ತಿದ್ದರು. ಇಷ್ಟು ಖಚಿತ.

ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವರು ಕಬ್ಬಿಣ ಕಡೆಯುವ ಲೇಥ್ ಟರ್ನರ್. ಊರು ರಾಣೆಬೆನ್ನೂರಿನ ಕಡೆ. ಮದುವೆಯಾಗಿರಲಿಲ್ಲ. ಗೋವಿಂದರಾಜನಗರದಲ್ಲಿ ಆರು ಮನೆಗಳ ನಮ್ಮ ವಠಾರದ ಮೊದಲನೆಯ ಮನೆ ಅವರದು. ದಿನಕ್ಕೊಂದು ಕಟ್ಟು ಬೀಡಿ, ಜೇಬಿನಲ್ಲಿ ಸದಾ ವರ್ನಿಯರ್ ಕ್ಯಾಲಿಪರ್. ಎದುರುಮನೆಯ ಪದ್ಮಕ್ಕ ಚಪಾತಿ ಕೊಟ್ಟರೆ ಅದನ್ನೂ ಅಳೆಯುತ್ತಿದ್ದರು.

“ಈ ಕಡೆ ಒಂದೂವರೆ ಎಂಎಂ, ಆ ಕಡೆ ಮೂರು. ರಿಜೆಕ್ಟು.”

“ರಿಜೆಕ್ಟಾದ್ರೆ ವಾಪಸ್ ಕೊಡಿ. ಕಬ್ಣ ತಿನ್ನಿ ಹೋಗಿ!”

ಒಂದು ದಿನ ಲೇಥ್ ಮುಂದೆಯೇ ಫಿಟ್ಸ್ ಬಂದು ಬಿದ್ದರು. ಮಿದುಳಿನಲ್ಲಿ ಗಡ್ಡೆ. ಆಪರೇಷನ್ ಆಯಿತು, ಪೂರ್ತಿ ತೆಗೆಯಲಾಗಲಿಲ್ಲ. ಒಂದು ವರ್ಷ ಸಿಕ್ಕರೆ ಹೆಚ್ಚು ಎಂದು ಡಾಕ್ಟರು ನನಗೆ ಹೇಳಿದರು. ಆಮೇಲೆ ಅವರನ್ನೇ ಕೇಳಿದರು: “ಮನೇಲಿ ಯಾರಿದಾರೆ? ಒಬ್ರೇ ಇದ್ರೆ ಕಷ್ಟ. ಮಾತ್ರೆ ತಪ್ಪತ್ತೆ, ಊಟ ತಪ್ಪತ್ತೆ. ಬೀಡಿ ಬಿಡಿ, ದಿನಾ ನಡೀರಿ. ರೇಡಿಯೇಷನ್‌ಗೆ ದಿನಾ ಒಬ್ರು ಜೊತೇಲಿ ಬರ್ಬೇಕು.”

“ತಂಗಿ ಇದಾಳೆ” ಎಂದು ರುದ್ರಣ್ಣ ಪದ್ಮಕ್ಕನ ಕಡೆ ಕೈ ತೋರಿಸಿದರು. ಪದ್ಮಕ್ಕ ಮಿಸುಕಲಿಲ್ಲ.

ಮಾರನೆಯ ದಿನ ಇನ್ನೊಬ್ಬ ತಂಗಿ ಹೋದಳು, ಅದರ ಮಾರನೆಯ ದಿನ ಮತ್ತೊಬ್ಬಳು. ನಾಲ್ಕನೆಯ ತಂಗಿಯನ್ನು ಕಂಡು ಡಾಕ್ಟರು ಕನ್ನಡಕ ತೆಗೆದರು.

“ನಿಮ್ಮಪ್ಪಂಗೆ ಒಟ್ಟು ಎಷ್ಟು ಮಕ್ಳು?”

“ಇನ್ನೂ ಬರೋರಿದಾರೆ ಡಾಕ್ಟ್ರೇ.”

ತೊಂದರೆಯಾದದ್ದು ಎರಡನೆಯ ತಿಂಗಳು. ಯಾರೂ ಮರೆಯಬಾರದೆಂದು ಮೂರು ಮನೆಯವರು ಒಂದೇ ಬೆಳಗ್ಗೆ ಫಿಟ್ಸ್ ಮಾತ್ರೆ ಕೊಟ್ಟಿದ್ದರು. ಕೊಟ್ಟವರ ಮನಸ್ಸು ನೋಯಬಾರದೆಂದು ರುದ್ರಣ್ಣ ಮೂರನ್ನೂ ನುಂಗಿದ್ದರು. ತೂರಾಡುತ್ತಿದ್ದವರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ವಾಪಸ್ ಬಂದವರೇ ರುದ್ರಣ್ಣ ನಲ್ಲಿಯ ಮೇಲಿನ ಗೋಡೆಗೆ ಒಂದು ಶಿಫ್ಟ್ ಪಟ್ಟಿ ಅಂಟಿಸಿದರು. ಮಾತ್ರೆ, ಊಟ, ವಾಕಿಂಗ್. ಯಾವ ದಿನ ಯಾವ ಮನೆ. ಮಾಡಿದವರು ಸೈನ್ ಹಾಕಬೇಕು.

“ಪ್ರೀತಿ ಜಾಸ್ತಿ ಆದ್ರೂ ಲೇಥ್ ಮೇಲಿನ ಜಾಬ್ ಕೆಡತ್ತೆ ಕಣಮ್ಮ” ಎಂದು ಪದ್ಮಕ್ಕನಿಗೆ ಪೆನ್ನು ಕೊಟ್ಟರು.

ನನ್ನ ಪಾಳಿ ಬೆಳಗಿನ ನಡಿಗೆ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ, ಅದಕ್ಕೆ ನನ್ನನ್ನು ‘ಪ್ರೂಫು’ ಎಂದು ಕರೆಯುತ್ತಿದ್ದರು. ಕಾಲೆಳೆದುಕೊಂಡೇ ಮಾಗಡಿ ರಸ್ತೆಯವರೆಗೆ ಬರುತ್ತಿದ್ದರು, ಅಲ್ಲಿ ಒಂದು ಟೀ. ಒಮ್ಮೆ ಟೀ ಅಂಗಡಿಯ ಹಿಂದೆ ಬೀಡಿ ಸೇದುವಾಗ ಸಿಕ್ಕಿಬಿದ್ದರು. ಒಮ್ಮೆಯೋ, ಹಲವು ಸಲವೋ? ಒಮ್ಮೆ ಎಂದುಕೊಳ್ಳುವುದು ನನಗೆ ಅನುಕೂಲ. ನಾನು ಯಾರಿಗೂ ಹೇಳಲಿಲ್ಲ.

ರೇಡಿಯೇಷನ್ ಸಾಲಿನಲ್ಲಿ ಅವರ ಪಕ್ಕ ಕೂರುತ್ತಿದ್ದ ವಿಜಯನಗರದ ವ್ಯಾಪಾರಿಯೊಬ್ಬರಿದ್ದರು. ಅದೇ ಜಾತಿಯ ಗಡ್ಡೆ. ಯಾವ ಚಟವೂ ಇಲ್ಲ. ಹೆಂಡತಿ, ಮೂವರು ಗಂಡುಮಕ್ಕಳು, ಸೊಸೆಯರು ಸುತ್ತ ನಿಂತು ನೋಡಿಕೊಂಡರು. ವರ್ಷ ತುಂಬುವ ಮೊದಲೇ ಹೋದರು. ಅವರ ಮನೆಗೆ ಹೋಗಿಬಂದ ರುದ್ರಣ್ಣ ಆ ದಿನ ಪಟ್ಟಿಯಲ್ಲಿ ಯಾರಿಂದಲೂ ಸೈನ್ ಹಾಕಿಸಿಕೊಳ್ಳಲಿಲ್ಲ.

ರುದ್ರಣ್ಣ ನಾಲ್ಕು ವರ್ಷ ಇದ್ದರು. ಕೊನೆಯ ವಾರ ಹಾಸಿಗೆಯಿಂದಲೇ ನನ್ನನ್ನು ಕರೆದರು.

“ಸುಳ್ಳು ಹೇಳ್ಬೇಡ ಪ್ರೂಫು. ಒಬ್ನೇ ಇದ್ದಿದ್ರೆ ಇಷ್ಟು ದಿನ ಇರ್ತಿದ್ನಾ ನಾನು?”

“ಖಂಡಿತಾ ಇಲ್ಲ ಅಣ್ಣ.”

“ಹಂಗಾದ್ರೆ ಹೊರಗೆ ಹೋಗಿ ಅವ್ರಿಗೂ ಹೇಳು. ಪಾಪ, ಸುಮ್ನೆ ಅಳ್ತಾ ಕೂತಿದಾರೆ.”

ಹೇಳಿದೆ. ನಂಬಿದರು. ರುದ್ರಣ್ಣ ತೀರಿಕೊಂಡ ಮೇಲೆ ಡಾಕ್ಟರನ್ನು ಕಂಡು ಅದೇ ಪ್ರಶ್ನೆ ಕೇಳಿದೆ. “ಸಹಾಯ ಆಗಿರತ್ತೆ. ಎಷ್ಟು ಅಂತ ಮಾತ್ರ ಕೇಳ್ಬೇಡಿ” ಎಂದರು. ಆ ಮೂರು ವರ್ಷ ಹೆಚ್ಚಿಗೆ ಬಂದದ್ದು ನಮ್ಮಿಂದಲೋ, ಆ ಗಡ್ಡೆ ತಾನಾಗಿಯೇ ನಿಧಾನವಾಗಿತ್ತೋ, ನನಗೆ ಗೊತ್ತಿಲ್ಲ.