ಎದುರಾಳಿಯ ಮಾತನ್ನೇ ಮೊದಲು ಹೇಳುವ ಮೇಷ್ಟ್ರು

ಒಂದು ವಾದದಲ್ಲಿ ಯಾವ ವಾಕ್ಯ ತೀರ್ಮಾನ, ಯಾವುದು ಅದಕ್ಕೆ ಆಧಾರ, ಯಾವುದು ಎದುರಾಳಿಯ ಬಾಯಿಂದ ಬಂದದ್ದು, ಯಾವುದು ಸುಮ್ಮನೆ ಜಾಗ ತುಂಬಲು ಬಂದು ಕೂತದ್ದು ಎಂಬುದನ್ನು ಬೇರ್ಪಡಿಸಿ ತೋರಿಸುವ ವಿದ್ಯೆಯಲ್ಲಿ ನಮ್ಮ ಕಾಲೇಜಿನ ತರ್ಕಶಾಸ್ತ್ರದ ಮೇಷ್ಟ್ರಿಗೆ ಸರಿಸಾಟಿಯಾದವರನ್ನು ನಾನು ಕಂಡಿಲ್ಲ. ಅವರ ನಿವೃತ್ತಿಯ ಸಂದರ್ಭದಲ್ಲಿ ಹೊರಬರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಅವರ ಹಳೆಯ ವಿದ್ಯಾರ್ಥಿನಿಯೂ ಈಗಿನ ಸಹೋದ್ಯೋಗಿಯೂ ಆದ ನಾನು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಅಪ್ಪಣೆ ಮಾಡಿದ್ದಾರೆ. ಬರೆಯುತ್ತೇನೆ. ಆದರೆ ಇಷ್ಟು ವರ್ಷ ಅವರೊಡನೆ ಏಗಿದವರಿಗೆ ಬರೀ ಹೊಗಳಿಕೆ ಬರೆಯುವುದು ಸುಲಭವಲ್ಲ. ಅವರ ಶ್ರೀಮತಿಯವರೇ ಮೊನ್ನೆ ಫೋನಿನಲ್ಲಿ, "ಅವರಿಗೆ ಪುಸ್ತಕ ತರ್ತೀರಂತೆ, ಸಂತೋಷ. ಅವರನ್ನ ಸಹಿಸಿಕೊಂಡಿದ್ದಕ್ಕೆ ನನಗೂ ಒಂದು ತನ್ನಿ, ಇನ್ನೂ ದಪ್ಪಗಿರಲಿ" ಎಂದರು.

ಅವರ ತರಗತಿಯ ಪದ್ಧತಿ ವಿಚಿತ್ರವಾದದ್ದು. ಕಪ್ಪುಹಲಗೆಯ ಮೇಲೆ ಏನೂ ಬರೆಯದೆ, ವಾಕ್ಯಕ್ಕೊಬ್ಬರಂತೆ ನಮ್ಮನ್ನೇ ಎದ್ದು ನಿಲ್ಲಿಸುತ್ತಿದ್ದರು. 'ನಮ್ಮ ಬೀದಿಗೆ ದೀಪ ಬೇಕು' ಎಂಬುದು ಒಬ್ಬ ಹುಡುಗ. 'ಕತ್ತಲಲ್ಲಿ ಜನ ಎಡವಿ ಬೀಳುತ್ತಾರೆ' ಎಂಬ ಇನ್ನೊಬ್ಬ ಅವನಿಗೆ ಭುಜ ಕೊಟ್ಟು ನಿಲ್ಲಬೇಕು. 'ದೀಪಕ್ಕೆ ಖರ್ಚು ಜಾಸ್ತಿ ಎನ್ನುವವರಿದ್ದಾರೆ' ಎಂಬುದು ಎದುರಾಳಿಯ ಮಾತು, ಅದರ ಜಾಗ ಆಚೆ ಗೋಡೆಯ ಬಳಿ. 'ಮುರಿದ ಕಾಲಿನ ಖರ್ಚು ಇನ್ನೂ ಜಾಸ್ತಿ' ಎಂಬುದು ಅದಕ್ಕೆ ಉತ್ತರ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, "ಇವನು ಕೂತ. ಈಗ ಯಾರು ಬೀಳ್ತಾರೆ?" ಎಂದು ಕೇಳುವರು. ಯಾರೂ ಬೀಳದಿದ್ದರೆ ಆ ವಾಕ್ಯ ದಂಡಪಿಂಡವೆಂದು ಅರ್ಥ. ಗಂಟೆ ಹೊಡೆದರೂ ನಮ್ಮಲ್ಲಿ ಕೆಲವರು ಇನ್ನೂ ನಿಂತೇ ಇರುತ್ತಿದ್ದೆವು. ಇದನ್ನಾದರೂ ಸಹಿಸಬಹುದಿತ್ತು, ಎದುರಾಳಿಗೆ ಅವರು ಮಾಡುತ್ತಿದ್ದ ಉಪಚಾರವನ್ನು ಕಂಡಾಗ ಮಾತ್ರ ನಮಗೆ ಮೈಯೆಲ್ಲ ಉರಿಯುತ್ತಿತ್ತು. "ಅವರ ಮಾತನ್ನ ಮೊದಲು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ನಿಮ್ಮದು" ಎಂಬುದು ಅವರು ಜೀವನವಿಡೀ ಬಿಡದೆ ಪಾಲಿಸಿದ ವ್ರತ.

ಆ ವ್ರತದ ಬಿಸಿ ನನ್ನ ಮನೆಗೂ ತಟ್ಟಿತು. ಎರಡನೆಯ ವರ್ಷದಲ್ಲಿ ಅಣ್ಣ ನನ್ನ ಓದು ಬಿಡಿಸಲು ಹೊರಟಾಗ ಮೇಷ್ಟ್ರು ಕರೆಯದೆಯೇ ನಮ್ಮ ಮನೆಗೆ ಬಂದರು. ಬಸ್ಸು ಸರಿಯಿಲ್ಲ, ಓದಿ ಉಪಯೋಗವಿಲ್ಲ, ನೆಂಟರು ಆಡಿಕೊಳ್ಳುತ್ತಾರೆ ಎಂದು ಅಣ್ಣ ಒಂದೇ ಉಸಿರಿನಲ್ಲಿ ಹೇಳಿದ. ನನ್ನ ಪರವಾಗಿ ಬಂದಿದ್ದ ಈ ಮಹಾನುಭಾವರು ತಲೆದೂಗುತ್ತ ಅವನ ಪಕ್ಷವನ್ನೇ ಅವನಿಗಿಂತ ಸೊಗಸಾಗಿ ಹೇಳತೊಡಗಿದರು. ಅಣ್ಣ ಅರಳಿಹೋದ. "ಅಮ್ಮಾ, ಕೇಳಿಸ್ತಾ? ಮೇಷ್ಟ್ರೂ ನನ್ನ ಕಡೆಗೇ!" ಎಂದು ಒಳಕೋಣೆಯಲ್ಲಿ ಕಾಯಿಲೆಯಿಂದ ಮಲಗಿದ್ದ ಅಮ್ಮನಿಗೆ ಕೂಗಿ ಹೇಳಿದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ.

ಆಮೇಲೆ ಅವರು ಮೆಲ್ಲಗೆ ಒಂದೊಂದೇ ಕಾರಣವನ್ನು ಕೂರಿಸತೊಡಗಿದರು.

"ಬಸ್ಸು ಸರಿಹೋದ್ರೆ ಕಳಿಸ್ತೀಯಾ?"

"ಇಲ್ಲ ಸಾರ್."

"ನೆಂಟರು ಬಾಯಿ ಮುಚ್ಚಿಕೊಂಡ್ರೆ?"

"ಆಗ್ಲೂ ಕಷ್ಟನೇ."

"ಹಾಗಾದ್ರೆ ಅವೆರಡೂ ಆಧಾರ ಅಲ್ಲಪ್ಪ. ನಿಜವಾದ್ದು ಯಾವುದು ಹೇಳು."

ಅಣ್ಣ ಒಳಕೋಣೆಯ ಕಡೆ ನೋಡಿ, "ನಾನು ಕೆಲಸಕ್ಕೆ ಹೋದ್ಮೇಲೆ ಅಮ್ಮನ ಹತ್ತಿರ ಯಾರಿರ್ತಾರೆ ಸಾರ್?" ಎಂದ. ಅವನದು ಮಧ್ಯಾಹ್ನದ ಪಾಳಿ. ಮೇಷ್ಟ್ರು ಪ್ರಿನ್ಸಿಪಾಲರೊಡನೆ ಗುದ್ದಾಡಿ ನಮ್ಮ ತರಗತಿಗಳನ್ನೆಲ್ಲ ಬೆಳಗಿಗೆ ಹಾಕಿಸಿದರು. ಅದಕ್ಕಾಗಿ ತಾವು ಊರಾಚೆಯಿಂದ ಮೊದಲ ಬಸ್ಸಿಗೇ ಬರತೊಡಗಿದರು. ಈ ಉಪಕಾರವನ್ನು ನಾನು ಬದುಕಿರುವವರೆಗೆ ಮರೆಯಲಾರೆ. ನಿಜವಾದ ಕಾರಣವನ್ನು ಮೊದಲೇ ಕೇಳಿದ್ದರೆ ನನ್ನ ಅಷ್ಟೂ ಕಣ್ಣೀರು ಉಳಿಯುತ್ತಿತ್ತು ಎಂಬುದನ್ನೂ ಮರೆಯಲಾರೆ.

ಮುಂದೆ ನಾನು ಅದೇ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಅತಿಥಿ ಎಂದರೆ ಪ್ರತಿವರ್ಷ ಹೊಸದಾಗಿ ನೇಮಕವಾಗಬೇಕಾದ, ಬೇಡವೆಂದರೆ ಎದ್ದು ಹೋಗಬೇಕಾದ ಜೀವಿ. ನನ್ನ ಬಾಣಂತನದಲ್ಲಿ ಆ ಜಾಗ ಬೇರೆಯವರ ಪಾಲಾಗದಂತೆ ಮೇಷ್ಟ್ರು ತಮ್ಮ ಪಾಠಗಳ ಜೊತೆಗೆ ನನ್ನವನ್ನೂ ಮಾಡಿದರು, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅದೇ ವರ್ಷ, ನಮ್ಮ ಕೊಠಡಿಯ ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ "ಇದು ಹಳೇದು ಸಾರ್, ಹೊಸದು ಹಾಕಿಸಿ" ಎಂದಾಗ, "ಹಳೇದು ಅನ್ನೋದು ಕಾರಣವೋ, ಬರೀ ವರ್ಣನೆಯೋ?" ಎಂದು ಅವನನ್ನು ಹಿಡಿದುಕೊಂಡರು. ಅವನು ಉಪಕರಣಗಳ ಚೀಲ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಬೇಸಿಗೆಯಿಡೀ ವಿಭಾಗದವರೆಲ್ಲ ಬೆವರು ಸುರಿಸಿಕೊಂಡು ಕೂತಿದ್ದೆವು. ಮೇಷ್ಟ್ರು ಮಾತ್ರ ಉತ್ತರ ಬಾರದಿದ್ದುದಕ್ಕೆ ನೊಂದುಕೊಂಡಿದ್ದರು.

ಇಷ್ಟನ್ನು ನಗುತ್ತಲೇ ಹೇಳಬಹುದು. ಈ ವರ್ಷ ನಡೆದದ್ದನ್ನು ನಗುತ್ತ ಹೇಳಲಾರೆ. ಮೇಷ್ಟ್ರ ನಿವೃತ್ತಿಯೊಂದಿಗೆ ಅವರು ಕಲಿಸುತ್ತಿದ್ದ ವಾದ ವಿಶ್ಲೇಷಣೆಯ ಪತ್ರಿಕೆಯನ್ನೇ ಕೈಬಿಡಬೇಕೆಂಬ ಸೂಚನೆ ಪಠ್ಯಕ್ರಮ ಸಮಿತಿಯ ಮುಂದೆ ಬಂತು. ನಾನು ಕಲಿಸಬಲ್ಲದ್ದು ಆ ಪತ್ರಿಕೆಯನ್ನೇ. ಅದು ಹೋದರೆ ನನ್ನ ಅನ್ನವೂ ಹೋದಂತೆ. ಸಮಿತಿಯಲ್ಲಿ ಅದನ್ನು ಸಮರ್ಥಿಸಿ ಮಾತನಾಡಲು ಒಪ್ಪಿದವರು ಮೇಷ್ಟ್ರೊಬ್ಬರೇ. ಮಾತನಾಡುವ ಹಕ್ಕಿಲ್ಲದ ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಜೀವ ಬಿಗಿಹಿಡಿದು ಕೂತೆ.

ಮೇಷ್ಟ್ರು ಎದ್ದರು, ಎದುರಾಳಿಯ ಪಕ್ಷದಿಂದಲೇ ಆರಂಭಿಸಿದರು. ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದಾರೆ, ಬೇರೆ ವಿಷಯಗಳಲ್ಲೂ ಯೋಚನೆ ಕಲಿಸುತ್ತಾರೆ, ಕೊಠಡಿಗಳ ಕೊರತೆಯಿದೆ. ಸೂಚನೆ ತಂದವರಿಗೇ ಹೊಳೆಯದಿದ್ದ ಇನ್ನೂ ಒಂದು ಕಾರಣವನ್ನು ಹುಡುಕಿ ಸೇರಿಸಿದರು. ಅಷ್ಟರಲ್ಲಿ ಚಹಾ ಬಂತು. ಮೇಷ್ಟ್ರು ಸೌಜನ್ಯದಿಂದ ಕೂತರು. ಲೆಕ್ಕಶಾಸ್ತ್ರದವರಾದ ಅಧ್ಯಕ್ಷರು ಲೋಟ ಕೆಳಗಿಟ್ಟು, "ಆ ವಿಷಯ ಕಲಿಸೋರೇ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೇನಿದೆ? ಪತ್ರಿಕೆ ಕೈಬಿಡೋಣ" ಎಂದರು. ಎಲ್ಲರೂ ಕೈ ಎತ್ತಿದರು. ಚರ್ಚೆ ನಡೆಯುತ್ತಿದೆ, ತಮ್ಮ ಸರದಿ ಇನ್ನೂ ಬರುತ್ತದೆ ಎಂದುಕೊಂಡು ಮೇಷ್ಟ್ರು ಕಾಯುತ್ತಲೇ ಕೂತಿದ್ದರು. ಸಭೆ ಎದ್ದಿತು. ಕೋಲು ಕೊಟ್ಟು ಪೆಟ್ಟು ತಿನ್ನುವುದೆಂದರೆ ಇದೇ; ಕೋಲು ಅವರದು, ಪೆಟ್ಟು ಮಾತ್ರ ನನಗೆ.

ಕಾರಿಡಾರಿನಲ್ಲಿ ನಾನು ಗುರುಹಿರಿಯರೆಂಬುದನ್ನು ನೋಡಲಿಲ್ಲ.

"ಏನ್ ಸಾರ್ ಇದು? ನೀವೇ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!"

"ಅದು ನನ್ನ ತೀರ್ಮಾನ ಅಲ್ಲಮ್ಮ. ಉತ್ತರ ಕೊಡೋಕೆ ಅಂತ ಇಟ್ಟುಕೊಂಡ ಮಾತು. ಅಷ್ಟೂ ಗೊತ್ತಾಗಲ್ವಾ ಅವರಿಗೆ?"

"ಹೇಗೆ ಗೊತ್ತಾಗುತ್ತೆ ಸಾರ್? ಅವರೇನು ನಿಮ್ಮ ಕ್ಲಾಸಲ್ಲಿ ನಿಂತಿದ್ರಾ? ಎದುರಿನವರಿಗೆ ಅಷ್ಟೊಂದು ಹೇಳಿದ್ರಿ, ನನಗೆ ಅಂತ ಒಂದು ವಾಕ್ಯ ಹೇಳಲಿಲ್ಲವಲ್ಲ!"

ಮೇಷ್ಟ್ರ ಮುಖ ಇಳಿದುಹೋಯಿತು.

ಮಾರನೆಯ ದಿನ ನನ್ನನ್ನು ಕರೆದುಕೊಂಡು ಅಧ್ಯಕ್ಷರ ಕೊಠಡಿಗೆ ಹೋದರು. ಕೂರಿ ಎಂದರೂ ಕೂರಲಿಲ್ಲ. "ಆ ಪತ್ರಿಕೆ ಉಳೀಬೇಕು. ಈಕೆ ಪಾಠ ಮಾಡಬೇಕು" ಎಂದರು. ಪೀಠಿಕೆಯಿಲ್ಲ, ಎದುರಾಳಿಯಿಲ್ಲ.

ಅಧ್ಯಕ್ಷರಿಗೆ ಸಹಜವಾಗಿಯೇ ರೇಗಿತು. "ನಿನ್ನೆ ನೀವೇ ಬೇಡ ಅಂದ್ರಿ. ಇವತ್ತು ಬೇಕು ಅಂತೀರಿ. ಏನು ಕಾರಣ ಸಾರ್?"

ಕಾರಣಗಳು ಅವರ ಬಳಿ ಇದ್ದವು. ಇಡೀ ಜೀವನ ಅವರು ಕೂಡಿಟ್ಟದ್ದು ಅವನ್ನೇ. ಆದರೆ ಆ ದಿನ ಒಂದನ್ನೂ ಹೊರಗೆ ತೆಗೆಯಲಿಲ್ಲ. ಬೇಡಿಕೊಳ್ಳುವುದು ವಾದವಲ್ಲ, ಕಣ್ಣೀರು ಆಧಾರವಲ್ಲ ಎಂದು ತಲೆಮಾರುಗಳಿಗೆ ಪಾಠ ಹೇಳಿದ ಆ ಮನುಷ್ಯ, ತಮಗಿಂತ ಎಷ್ಟೋ ಕಿರಿಯರಾದ ಅಧ್ಯಕ್ಷರ ಮುಂದೆ ಎರಡೂ ಕೈ ಜೋಡಿಸಿದರು.

"ಕಾರಣ ಆಮೇಲೆ ಹೇಳ್ತೀನಪ್ಪ. ಈಗ ಬೇಡ್ಕೋತಾ ಇದ್ದೀನಿ. ನನ್ನ ತಪ್ಪಿಗೆ ಈ ಹುಡುಗಿ ಬೀದಿಗೆ ಬೀಳಬಾರದು."

ಅಧ್ಯಕ್ಷರು ಗಾಬರಿಯಿಂದ ಎದ್ದು ನಿಂತರು. ವಿಷಯ ಮತ್ತೆ ಸಮಿತಿಗೆ ಬಂತು. ಮೇಷ್ಟ್ರು ಈ ಸಲ ತೀರ್ಮಾನವನ್ನೇ ಮೊದಲು ಹೇಳಿ, ಒಂದೊಂದೇ ಆಧಾರವನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರು. ಪತ್ರಿಕೆ ಉಳಿಯಿತು. ನನ್ನ ಕೆಲಸವೂ ಉಳಿಯಿತು. ಆದರೆ ಆ ಜೋಡಿಸಿದ ಕೈಗಳನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಸಿಟ್ಟೇ ಬರುತ್ತದೆ. ಮೊದಲ ದಿನವೇ ನೆಟ್ಟಗೆ ಮಾತಾಡಿದ್ದರೆ ಅವರು ಯಾರ ಮುಂದೆಯೂ ಹಾಗೆ ನಿಲ್ಲಬೇಕಿರಲಿಲ್ಲ. ಸಿಟ್ಟು ಇಳಿಯುವ ಮೊದಲೇ ಕಣ್ಣು ತುಂಬುತ್ತದೆ, ಅದಕ್ಕೂ ಸಿಟ್ಟು ಬರುತ್ತದೆ.

ಸಂಪಾದಕರು ಕೊನೆಯಲ್ಲಿ ಶುಭ ಹಾರೈಸಬೇಕೆಂದಿದ್ದಾರೆ. ನಮ್ಮ ಮೇಷ್ಟ್ರು ನೂರು ವರ್ಷ ಬಾಳಲಿ. ಕಣ್ಣು ಕಿವಿ ಚುರುಕಾಗಿರಲಿ, ಮುಂದೂಡುತ್ತಲೇ ಬಂದಿರುವ ಅವರ ಪಠ್ಯಪುಸ್ತಕ ಪೂರ್ತಿಯಾಗಲಿ, ವಾರಕ್ಕೊಮ್ಮೆಯಾದರೂ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನನ್ನ ತಪ್ಪು ಹುಡುಕಲಿ. ಇದನ್ನು ಓದುತ್ತಲೇ ಅವರು ಪೆನ್ಸಿಲ್ ಹಿಡಿದು, ಈ ಹಾರೈಕೆಗೆ ಆಧಾರ ಯಾವುದು ಎಂದು ಕೇಳುವವರೇ. ಆಧಾರ ಕೊಡುವುದಿಲ್ಲ ಸಾರ್. ನಾನೂ ಬೇಡಿಕೊಳ್ಳುತ್ತಿದ್ದೇನೆ.