ಗಾಲಿಗೆ ಒಡೆದ ಕಾಯಿ

ಆಗ ನನಗೆ ಇಪ್ಪತ್ತು. ಕರ್ನಾಟಕ ಒಂದಾದ ವರ್ಷ; ಅರವತ್ತೈದು ವರ್ಷದ ಮೇಲಾಯಿತು. ಬೆಟಗೇರಿಯ ಸಾಹುಕಾರರೊಬ್ಬರ ಮನೆಯಲ್ಲಿ ಅಡಿಗೆ ಮಾಡುತ್ತಿದ್ದೆ. ಅವರ ಗೋಡೆಗೆ ತಗಡು ಇಳಿಸಿಕೊಂಡು ಪಂಕ್ಚರ್ ತೆಗೆಯುವವನೊಬ್ಬ ಕೂತಿರುತ್ತಿದ್ದ. ಗಾಲಿಗೆ ಕಿವಿ ಹಚ್ಚಿ, ಒಂದು ಕಣ್ಣು ಮುಚ್ಚಿ, "ಗಾಲಿ ಸುಳ್ಳು ಹೇಳಂಗಿಲ್ಲ" ಅನ್ನುವುದು ಅವನ ಚಟ. ಮನುಷ್ಯರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.

ಸಾಹುಕಾರರ ಕಾರಿನ ಮುಂದಿನ ಗಾಲಿ ಮೂರು ಸಲ ರಿಪೇರಿಯಾದರೂ ಗಾಳಿ ಬಿಡುತ್ತಿತ್ತು. ಒಂದು ಭಾನುವಾರ ಅವರು ಅಂದರು: "ಇನ್ನೊಮ್ಮೆ ಗಾಳಿ ಹೋತಂದ್ರ ನಿನ್ನ ತಗಡು ಕೀಳಸ್ತೀನಿ, ನೋಡಲೇ."

ಅವನು ಗಾಲಿಗೆ ಸಾಬೂನು ನೀರು ಸವರಿದ. ಕಬ್ಬಿಣದ ಅಂಚಿನಲ್ಲೇ ಗುಳ್ಳೆ ಎದ್ದವು. ಬಿಚ್ಚಿದರೆ ಅಂಚು ನೆಗ್ಗಿತ್ತು. ಒಳಗೆಲ್ಲ ತುಕ್ಕು, ಆ ತುಕ್ಕೇ ಟ್ಯೂಬನ್ನು ಕೊರೆದಿತ್ತು.

"ಸಾಹುಕಾರ್ರ, ಸೋಮವಾರಕ್ಕೊಮ್ಮೆ ಕಾಯಿ ಎಲ್ಲಿ ಒಡೀತೀರಿ?"

"ಗಾಲಿ ಮ್ಯಾಲೆ. ಕಾರಿನ ಪೂಜಿ ಅಂದ್ರ ಮತ್ತೆಲ್ಲಿ?"

"ಅದರ ಏಟಿಗೇ ಅಂಚು ನೆಗ್ಗೈತ್ರಿ. ಕಾಯಿನೀರು ಒಳಗಿಳದು ತುಕ್ಕು ಹಿಡದೈತಿ."

"ದೇವರ ಕಾಯಿಂದ ಗಾಳಿ ಹೋಗತೈತೇನಲೇ, ಶಾಣ್ಯಾ?"

"ನಾ ಅನ್ನಂಗಿಲ್ರಿ. ಗಾಲಿ ಅಂತೈತಿ."

ಸಂಜೆಯತನಕ ತುಕ್ಕು ಕೆರೆದು, ಅಂಚು ಬಡಿದು ನೆಟ್ಟಗೆ ಮಾಡಿದ. ಗಾಳಿ ನಿಂತಿತು. ಸಾಹುಕಾರರಿಗೆ ಖುಷಿಯೋ ಖುಷಿ. ನನ್ನನ್ನು ಕರೆದು, "ನಾಳೆ ಆ ಗಾಲಿಗೆ ಎರಡು ಕಾಯಿ ಒಡಿಯೋಣು, ತಗದಿಡವಾ" ಅಂದರು. ಅವನು ತಲೆಯ ಮೇಲಿನ ತಗಡನ್ನೊಮ್ಮೆ ನೋಡಿದ, ಆಮೇಲೆ ನನ್ನನ್ನು.

ಮರುದಿನ ಬೆಳಿಗ್ಗೆ ಸಾಹುಕಾರರು ಸ್ನಾನಕ್ಕೆ ಹೋದಾಗ, ಆ ಎರಡೂ ಕಾಯಿಗಳನ್ನು ಒರಳುಕಲ್ಲಿಗೆ ಒಡೆದು ಚಟ್ನಿ ಅರೆದೆ.