ಹಿಕ್ಕೆ ಬೀಳದ ಎರಡು ದಿನ

ಕೊತ್ತಂಬರಿ ಕಟ್ಟಿನ ದಾರ ಬಿಚ್ಚಿದರೆ ಸಾಕು, ನಮ್ಮ ಮನೆಯ ಗಿನಿ ಹಂದಿ ಸೀಟಿ ಹೊಡೆದ ಹಾಗೆ ಕೂಗುತ್ತಿತ್ತು. ನಾನು ಅಡುಗೆಮನೆಯಲ್ಲಿದ್ದರೂ ಪಡಸಾಲೆಯ ಪಂಜರದಲ್ಲಿ ಅದಕ್ಕೆ ಗೊತ್ತಾಗುತ್ತಿತ್ತು. ಆ ಬುಧವಾರ ಬೆಳಿಗ್ಗೆ ದಾರ ಬಿಚ್ಚಿ, ಬೇರು ಕತ್ತರಿಸಿ, ಸೊಪ್ಪು ಸೋಸಿ ಮುಗಿಸಿದೆ. ಪಡಸಾಲೆಯಿಂದ ಸದ್ದೇ ಇಲ್ಲ. ಕೈಯಲ್ಲಿದ್ದ ಸೊಪ್ಪಿನ ಸಮೇತ ಹೋಗಿ ನೋಡಿದೆ. ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕೂದಲು ಕೆದರಿಕೊಂಡು ಕೂತಿತ್ತು. ಸೊಪ್ಪನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು. ಪಂಜರದ ಕೆಳಗಿನ ತಟ್ಟೆ ಎಳೆದೆ. ದಿನಾ ಮುಷ್ಟಿ ತುಂಬ ಬಿದ್ದಿರುತ್ತಿದ್ದ ಹಿಕ್ಕೆ ಅವತ್ತು ಒಂದೂ ಇರಲಿಲ್ಲ.

ಇದನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

ಮಗಳ ಗೆಳತಿಯ ಅಪ್ಪನಿಗೆ ವರ್ಗವಾದಾಗ ಎರಡು ಗಿನಿ ಹಂದಿಗಳು ಪಂಜರದ ಸಮೇತ ನಮ್ಮ ಶಹಾಪುರದ ಮನೆಗೆ ಬಂದವು. ಒಂದು ಕಂದು, ಒಂದು ಬಿಳಿ. ನೋಡಿದವರೆಲ್ಲ ಬಾಲವಿಲ್ಲದ ಇಲಿ ಅಂದರು. ಮಗಳು ಮಾತ್ರ ಅವುಗಳ ಮುಂದೆ ಕೂತೇ ಓದುತ್ತಿದ್ದಳು. ಹೋದ ವರ್ಷ ಬಿಳಿಯದು ಒಂದು ಬೆಳಿಗ್ಗೆ ತಿನ್ನುವುದು ಬಿಟ್ಟಿತು. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ತಿಂದೀತು ಅಂದುಕೊಂಡೆವು. ಸಂಜೆ ಬಾಯಿ ತೆರೆದು ಏದುಸಿರು ಬಿಡುತ್ತಾ ಮಗಳ ತೊಡೆಯ ಮೇಲೆಯೇ ಸತ್ತಿತು. ಅದರ ಗದ್ದದ ಕೂದಲು ಯಾಕೋ ಜಿಡ್ಡು ಜಿಡ್ಡಾಗಿತ್ತು. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಈ ವರ್ಷ ಮಗಳು ಪಿಯುಸಿಗೆಂದು ಯಾದಗಿರಿಯ ಹಾಸ್ಟೆಲ್ ಸೇರಿದಳು. ಹೋಗುವಾಗ ಕಂದು ಗಿನಿಯನ್ನು ನನ್ನ ಮಡಿಲಿಗೆ ಇಟ್ಟು, "ಅವ್ವಾ, ಇದು ತಿನ್ನೋದು ಬಿಟ್ರ ಒಂದ್ ತಾಸೂ ಕಾಯಬ್ಯಾಡ. ಮದಲ ನನಗ ಫೋನ್ ಮಾಡು" ಅಂದಿದ್ದಳು.

ಆ ಬುಧವಾರ ಅವಳಿಗೆ ಪರೀಕ್ಷೆಯಿತ್ತು. ನಾನು ಫೋನ್ ಮಾಡಲಿಲ್ಲ.

ಮಾಡದೆ ಇರಲು ಇನ್ನೊಂದು ಕಾರಣವೂ ಇತ್ತು. ನಾನು ಮನೆಯಲ್ಲೇ ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಆ ವಾರ ಒಂದು ಮದುವೆಮನೆಯ ಜಂಪರುಗಳು ರಾಶಿ ಬಿದ್ದಿದ್ದವು. ಕಾಲುವೆ ದಂಡೆಗೆ ಹೋಗಿ ಕರಿಕೆ ಹುಲ್ಲು ಕಿತ್ತು ತರಲು ಪುರುಸೊತ್ತಿರಲಿಲ್ಲ. ಎರಡು ದಿನ ಸಂತೆಯಿಂದ ತಂದ ಕೋಬಿಯ, ಅಂದರೆ ಎಲೆಕೋಸಿನ, ಎಲೆಯನ್ನೇ ಹಾಕಿದ್ದೆ, ಜೊತೆಗೆ ಒಂದಿಷ್ಟು ಚುರುಮುರಿ. ಅದು ಖುಷಿಯಿಂದ ತಿಂದಿತ್ತು, ನನಗೂ ಸಮಾಧಾನವಾಗಿತ್ತು. ಈಗ ಅದರ ಹೊಟ್ಟೆ ಮುಟ್ಟಿದರೆ ಗಾಳಿ ತುಂಬಿದ ಚೀಲದ ಹಾಗಿತ್ತು.

ಗಂಡ ಸುರಪುರದ ಕಾಲೇಜಿನಲ್ಲಿ ಗುಮಾಸ್ತ. ಎಂಟರ ಬಸ್ಸಿಗೆ ಹೋಗಿಯಾಗಿತ್ತು. ಮನೆಯಲ್ಲಿದ್ದವರು ನಾನು ಮತ್ತು ನನ್ನ ಮಾವ. ಮಾವ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ತಿಂಥಣಿ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಅವರ ಕೈಗುಣ ನೆನೆಯುವ ರೈತರಿದ್ದಾರೆ. ಈಗ ಆ ಕೈಗಳು ಸದಾ ನಡುಗುತ್ತವೆ, ಚಹಾದ ಕಪ್ಪು ಅರ್ಧವೇ ತುಂಬಿಸಿ ಕೊಡಬೇಕು.

ನಾನು ಗಂಡನಿಗೆ ಫೋನ್ ಹಚ್ಚಿ ಹೊರಗೆ ಕಟ್ಟೆಯ ಮೇಲೆ ನಿಂತು ಮಾತಾಡಿದೆ. ದವಾಖಾನೆಗೆ ಒಯ್ಯಿ ಅಂದರು. ಒಳಗೆ ಬಂದೆ. ಮಾವ ಪಂಜರದ ಬಾಗಿಲು ತೆರೆದು ನೆಲದ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಗಿನಿ. ಪಕ್ಕದಲ್ಲಿ ಕುಸುಬೆ ಎಣ್ಣೆಯ ಬಾಟಲಿ, ಜೊತೆಗೆ ಬೆರಳುದ್ದದ ಒಂದು ಸಣ್ಣ ಬಿದಿರಿನ ಗೊಟ್ಟ. ಎತ್ತುಗಳಿಗೆ ಔಷಧಿ ಕುಡಿಸುವ ಗೊಟ್ಟದ ಹಾಗೆಯೇ ಅದನ್ನು ಓರೆಯಾಗಿ ಕೊಯ್ದು ಮಾಡಿದ್ದರು.

"ಬ್ಯಾಡ್ರಿ ಮಾವ!" ಅಂದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಮುಂದೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಹೊಟ್ಟಿ ಉಬ್ಬರಿಸ್ಯಾದ ಯವ್ವಾ. ಎಣ್ಣಿ ಹೋದ್ರ ಗಾಳಿ ಇಳಿತದ. ಎಷ್ಟ್ ಎತ್ತು ಉಳಸೇನಿ ನಾ, ನಿನಗೇನು ಗೊತ್ತು?"

"ಇದು ಎತ್ತಲ್ರಿ. ದವಾಖಾನಿಗಿ ಒಯ್ಯೋಣ್ರಿ, ಡಾಕ್ಟರು ಎಣ್ಣಿ ಹಾಕು ಅಂದ್ರ ನೀವೇ ಹಾಕ್ರಿ."

ಅವರು ನನ್ನನ್ನೇ ನೋಡಿದರು. ಗಿನಿಯನ್ನು ನನ್ನ ಕೈಗಿಟ್ಟು, ಎದ್ದು ಅಂಗಿ ಹಾಕಿಕೊಂಡರು.

ತರಕಾರಿ ಬುಟ್ಟಿಯೊಳಗೆ ಹಳೆಯ ಟವೆಲ್ ಹಾಸಿ ಅದನ್ನು ಮಲಗಿಸಿ ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಬುಟ್ಟಿಯೊಳಗೆ ಕೈಯಿಟ್ಟು ಉಸಿರು ಆಡುತ್ತಿದೆಯೇ ಎಂದು ನೋಡುತ್ತಿದ್ದೆ. ಹಳ್ಳದ ಹತ್ತಿರ ಆಟೋ ಕುಲುಕಿದಾಗ ಅದರ ಹಲ್ಲು ಕಟಕಟ ಅಂದವು. ಅದು ಸಿಟ್ಟೋ, ನೋವೋ, ಕೊನೆಯೋ ನನಗೆ ತಿಳಿಯಲಿಲ್ಲ.

ದವಾಖಾನೆಯ ಅಂಗಳದಲ್ಲಿ ಎರಡು ಎಮ್ಮೆ, ಹತ್ತಾರು ಆಡುಗಳು. ನನ್ನ ಬುಟ್ಟಿ ನೋಡಿ ಕುರಿ ಹಿಡಿದ ಒಬ್ಬ ಹೆಂಗಸು ನಕ್ಕಳು. ಡಾಕ್ಟರು ಚಿಕ್ಕ ವಯಸ್ಸಿನವರು. ಟವೆಲ್ ಸರಿಸಿ ನೋಡಿ, "ಅಕ್ಕಾರ, ಸುಳ್ಳು ಹೇಳಂಗಿಲ್ಲ. ಇದನ್ನ ನಾ ಪುಸ್ತಕದಾಗಷ್ಟೇ ಓದೇನಿ. ನನ್ನ ದೋಸ್ತ ಒಬ್ಬಾಂವ ಹೈದರಾಬಾದಿನಾಗ ಇಂಥವನ್ನ ನೋಡ್ತಾನ, ಕೇಳ್ತೀನಿ ತಡೀರಿ" ಅಂದರು. ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಆ ಗೆಳೆಯ ಹೇಳಿದಂತೆ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದರು, ಹಲ್ಲು ನೋಡಿದರು, ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಒಳಗ ಏನೂ ಸಿಕ್ಕೊಂಡಂಗ ಕಾಣವಲ್ದು. ಕರಳು ನಿಂತುಬಿಟ್ಟಾವ. ಇವಕ್ಕ ತಿನ್ನೋದು ನಿಂತ್ರ ಕರಳು ನಿಲ್ತಾವ, ಕರಳು ನಿಂತ್ರ ತಿನ್ನೋದು ನಿಲ್ತದ. ನಾವು ಅದನ್ನ ತಿನಿಸಿ ತಿನಿಸಿ ನಡಸಬೇಕು." ನಂತರ ಮಾವನ ಕಡೆ ತಿರುಗಿ, "ಕಾಕಾ, ನೀವು ಇದೇ ದವಾಖಾನ್ಯಾಗ ಇದ್ದವರಂತ. ನೀವೂ ಒಮ್ಮಿ ಕೇಳ್ರಿ" ಅಂದು ಸ್ಟೆತಸ್ಕೋಪ್ ಕೊಟ್ಟರು.

ಮಾವ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೇಳಿದರು. ಕಣ್ಣು ಮುಚ್ಚಿದ್ದರು. "ಭಾಳ ದೂರದಾಗ ಗುಡುಗಿದಂಗ ಒಂದ್ ಸಪ್ಪಳ ಬಂತು ಸಾಹೇಬ್ರ. ಒಂದೇ ಸಲ." ಆಮೇಲೆ ಕೇಳಿದರು: "ಎಣ್ಣಿ ಹಾಕಿದ್ರ?"

"ಅಯ್ಯ, ಹಾಕಬ್ಯಾಡ್ರಿ. ಎತ್ತಿಗೆ ನಡೀತದ. ಇದರ ಗಂಟಲು ಎಷ್ಟು ಸಣ್ಣದು ನೋಡ್ರಿ. ಗೊಟ್ಟದಿಂದ ಸುರುವಿದ್ರ ಹೊಟ್ಟಿ ಬದಲಿ ಪುಪ್ಪಸಕ್ಕ ಹೋಗ್ತದ. ಸಂಜಿತನಕ ಏದುಸಿರು ಬಿಟ್ಟು ಸಾಯ್ತದ."

ಮಾವ ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟರು. ಮನೆ ಮುಟ್ಟುವವರೆಗೆ ಆಟೋದ ಹೊರಗಡೆಗೇ ಮುಖ ಮಾಡಿ ಕೂತರು. ನಾನು ಜೋರು ಮಾಡಿದ್ದಕ್ಕೆ ಮುನಿಸಿಕೊಂಡಿದ್ದಾರೆ ಅಂದುಕೊಂಡೆ.

ಡಾಕ್ಟರು ನೋವಿಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಹೊಟ್ಟೆಯ ಗಾಳಿ ಇಳಿಯಲು ಕೂಸುಗಳಿಗೆ ಹಾಕುವ ಹನಿ ಔಷಧಿಯನ್ನೇ ಅಳತೆ ಹೇಳಿ ಬರೆದುಕೊಟ್ಟಿದ್ದರು. ಇನ್ನು ಊಟದ ಕೆಲಸ ನನ್ನದು. ದವಾಖಾನೆಯಿಂದ ಕೇಳಿ ತಂದ ಒಣ ಹುಲ್ಲನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ, ಜಂಪರಿನ ಲೈನಿಂಗ್ ಬಟ್ಟೆಯಲ್ಲಿ ಜರಡಿ ಹಿಡಿದು, ಬಿಸಿನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಗಿನಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಆನಿಸಿಕೊಂಡು, ಮುಂಬಲ್ಲಿನ ಹಿಂದೆ ಬಾಯಿಯ ಪಕ್ಕದಿಂದ ಒಂದೊಂದೇ ಹನಿ. ಎರಡು ತಾಸಿಗೊಮ್ಮೆ. ಅದು ನುಂಗಿದ್ದು ಗಂಟಲಲ್ಲಿ ಕಾಣುವವರೆಗೆ ಮುಂದಿನ ಹನಿ ಒತ್ತುತ್ತಿರಲಿಲ್ಲ. ಒಮ್ಮೆ ಅದು ಸೀನಿತು. ಹಸಿರು ನೀರು ನನ್ನ ಕುತ್ತಿಗೆಗೆ ಸಿಡಿಯಿತು. ಪುಪ್ಪಸಕ್ಕೇ ಹೋಯಿತು, ನಾನೇ ಕೊಂದೆ ಅಂತ ಅದನ್ನು ಹಿಡಿದು ಅರ್ಧ ತಾಸು ಅಲುಗದೆ ಕೂತೆ. ಏನೂ ಆಗಲಿಲ್ಲ. ಮತ್ತೆ ಸಿರಿಂಜು ಹಿಡಿಯಲು ಮಾತ್ರ ಕೈ ಬರಲಿಲ್ಲ. ಕೊನೆಗೂ ಹಿಡಿದೆ.

ಸಂಜೆ ಮಗಳ ಫೋನ್. ಪೇಪರ್ ಸುಲಭವಿತ್ತಂತೆ. "ಗಿನಿ ತಿಂತಾ, ಅವ್ವಾ?"

"ತಿಂದದವ್ವಾ," ಅಂದೆ. ಸಿರಿಂಜಿನಲ್ಲಿ ತಿಂದದ್ದೂ ತಿಂದದ್ದೇ ಅಂತ ನನಗೆ ನಾನೇ ಹೇಳಿಕೊಂಡೆ.

ಗುರುವಾರ ತಟ್ಟೆ ಮತ್ತೆ ಖಾಲಿ. ಕಾಳು ತೂಗುವ ಸಣ್ಣ ತಕ್ಕಡಿಯಲ್ಲಿಟ್ಟರೆ ತೂಕ ಇಳಿದಿತ್ತು. ಕಿವಿ ತಣ್ಣಗಿದ್ದವು. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದರೆ, "ಇವತ್ತೊಂದಿನ ಹಿಂಗೇ ನಡಸ್ರಿ. ನಾಳಿ ಮುಂಜಾನೆನೂ ಹಿಕ್ಕಿ ಬೀಳಲಿಲ್ಲಂದ್ರ ಹೈದರಾಬಾದಿಗೇ ಒಯ್ಯಬೇಕಾಗ್ತದ. ಅಲ್ಲೀತನಕ ತಡೀತದೋ ಇಲ್ಲೋ, ಅದನ್ನ ನಾ ಹೇಳಲಾರೆ" ಅಂದರು. ಬುಟ್ಟಿ, ಬಾಟಲಿ, ಪುಡಿ ಎಲ್ಲ ಒಂದು ಕಡೆ ಕೂಡಿಸಿಟ್ಟೆ. ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು. ಮಗಳ ಹಾಸ್ಟೆಲ್ಲಿನ ಮುಂದಿನಿಂದಲೇ ಬಸ್ಸು ಹಾಯುತ್ತದೆ. ಅವಳಿಗೆ ಹೇಳದೆ ಹಾಯ್ದು ಹೋಗುವುದು ಹೇಗೆ, ಹೇಳಿದರೆ ಏನು ಹೇಳುವುದು?

ಮಧ್ಯಾಹ್ನ ಮಾವ ಬಂದು ನನ್ನ ಹೊಲಿಗೆ ಮಷಿನ್ನಿನ ಪಕ್ಕ ಕೂತರು. ತಮ್ಮ ಹಳೆಯ ಸ್ಟೆತಸ್ಕೋಪನ್ನು ಟ್ರಂಕಿನಿಂದ ತೆಗೆದು ತಂದಿದ್ದರು. ಗಿನಿಯ ಹೊಟ್ಟೆಗೆ ಇಟ್ಟು ಕೇಳಿದರು. ತಲೆಯಾಡಿಸಿದರು. ಆಮೇಲೆ ಗೋಡೆ ನೋಡುತ್ತಾ ಹೇಳಿದರು.

"ಯವ್ವಾ, ಹೋದ ವರ್ಷ ಆ ಬಿಳೇದು ಸತ್ತ ದಿನ ನೀ ಸಂತಿಗಿ ಹೋಗಿದ್ದಿ. ಕೂಸು ಸಾಲಿಗಿ ಹೋಗಿತ್ತು. ನಾನೇ ಅದಕ್ಕ ಎಣ್ಣಿ ಹಾಕಿದ್ನಿ. ಕಡಿಮಿ ಬಿತ್ತು, ಅದಕ್ಕ ಸತ್ತಿತು ಅಂತ ತಿಳದಿದ್ನಿ. ಈ ಸಲ ಜರಾ ಜಾಸ್ತಿ ಹಾಕಬೇಕಂತ ಮಾಡಿದ್ನಿ."

ಗದ್ದದ ಮೇಲಿನ ಆ ಜಿಡ್ಡು ನೆನಪಾಯಿತು. ಹಿಂದಿನ ದಿನ ಕಟ್ಟೆಯ ಮೇಲೆ ನಾನು ಫೋನಿನಲ್ಲಿ ಇನ್ನೆರಡು ಮಾತು ಹೆಚ್ಚು ಆಡಿದ್ದರೆ ಇದೂ ಹಾಗೇ ಸಾಯುತ್ತಿತ್ತು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ನಾನೂ ಎರಡ್ ದಿನ ಕೋಬಿ ಹಾಕೇನ್ರಿ ಮಾವ. ಅದರಿಂದನೇ ಹಿಂಗಾಗ್ಯಾದ," ಅಂದೆ.

"ಕೂಸಿಗಿ ಏನ್ ಹೇಳೋದು?" ಅಂದರು ಮಾವ. ಸಂಜೆ ಫೋನಿನಲ್ಲಿ ಮತ್ತೆ "ತಿಂದದ" ಅಂದೆ. ಈ ಸಲ ಧ್ವನಿ ಒಡೆದದ್ದು ಅವಳಿಗೆ ಕೇಳಿಸಿರಬೇಕು. "ಖರೇ ಅದನವ್ವಾ?" ಅಂತ ಕೇಳಿದಳು. ಖರೇ ಅಂದೆ.

ಶುಕ್ರವಾರ ಬೆಳಿಗ್ಗೆ ತಟ್ಟೆ ಎಳೆಯಲು ನನಗೆ ಧೈರ್ಯವಿರಲಿಲ್ಲ. ಮಾವನೇ ಎಳೆದರು. ಟಾರ್ಚು ಹಿಡಿದು ಹುಲ್ಲಿನ ಚೂರುಗಳ ನಡುವೆ ಬೆರಳಾಡಿಸಿದರು. "ಯವ್ವಾ, ಜಲ್ದಿ ಬಾ." ಅಂಗೈಯಲ್ಲಿ ಒಂದು ಹಿಕ್ಕೆ. ಜೋಳದ ಕಾಳಿಗಿಂತ ಸಣ್ಣದು, ಒಣಗಿದ್ದು, ಒಂದು ತುದಿ ಚೂಪಾಗಿತ್ತು. ಅವರ ಕೈ ನಡುಗಿ ಅದು ನೆಲಕ್ಕೆ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಒಂದು ಹಿಕ್ಕೆ ಹುಡುಕುತ್ತಾ ನಾನು ಅಳುತ್ತಿದ್ದೆ.

ಡಾಕ್ಟರು ಫೋನಿನಲ್ಲಿ, "ಛಲೋ ಆತು. ಆದ್ರ ಊಟ ಬಿಡಬ್ಯಾಡ್ರಿ, ಮತ್ತ ನಿಲ್ಲಬಹುದು" ಅಂದರು. ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಬಿದ್ದವು. ಶನಿವಾರ ಅದು ನನ್ನ ಬೆರಳ ತುದಿಯಲ್ಲಿದ್ದ ಒಂದು ಕರಿಕೆ ಎಸಳನ್ನು ಎಳೆದುಕೊಂಡು, ಅರ್ಧ ತಿಂದು, ಅರ್ಧ ಬಿಟ್ಟಿತು.

ಭಾನುವಾರ ಮಗಳು ಬಂದಳು. ಚೀಲ ಇಳಿಸುವ ಮೊದಲೇ ಗಿನಿಯನ್ನು ಎತ್ತಿಕೊಂಡವಳು ಹಾಗೇ ನಿಂತಳು. ಕೈಗೆ ಎಲುಬು ಸಿಕ್ಕಿರಬೇಕು. "ಅವ್ವಾ, ಇದೇನಿದು?"

ಕೋಬಿ, ದವಾಖಾನೆ, ಸಿರಿಂಜು ಎಲ್ಲ ಹೇಳಿದೆ. ಅವಳು ಕೋಬಿಗೆ ಸಿಟ್ಟಾಗಲಿಲ್ಲ. "ಎರಡ್ ದಿನ ನಂಗ ಸುಳ್ಳು ಹೇಳಿದಿ. ಅದು ಸತ್ತಿದ್ರ? ಆವಾಗೂ ತಿಂದದ ಅಂತಿದ್ದಿ?" ಅಂದಳು. ಬಿಳಿಯ ಗಿನಿಯ ಮಾತನ್ನು ನಾನು ತೆಗೆಯಲಿಲ್ಲ, ಅದು ನನ್ನ ಮಾತಲ್ಲ. ಮಾವನೇ ತಮ್ಮ ಕೋಣೆಯಿಂದ ಬಂದು, ನಿಂತುಕೊಂಡೇ, ನನಗೆ ಹೇಳಿದಷ್ಟನ್ನೂ ಅವಳಿಗೆ ಹೇಳಿದರು. ಊಟಕ್ಕೆ ಕೂತಾಗ ಮಗಳು ಅಜ್ಜನ ಕಡೆ ನೋಡಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೊರಟಾಗ ನನಗಷ್ಟೇ ಹೇಳಿದಳು: "ಇನ್ನ ಮ್ಯಾಲೆ ಇದ್ದದ್ದು ಇದ್ದಂಗ ಹೇಳು."

ಅವತ್ತಿನಿಂದ ಹಾಗೇ ಹೇಳುತ್ತಿದ್ದೇನೆ. ಮುಂದಿನ ಬುಧವಾರ ಸಂಜೆ ಫೋನ್ ಬಂದಾಗ, "ಇವತ್ತ ಹುಲ್ಲು ಅರ್ಧ ಬಿಟ್ಟದ. ಹಿಕ್ಕಿ ಅದಾವ, ಆದ್ರ ಸಣ್ಣವು. ನಂಗ ಅಂಜಿಕಿ ಆಗೇದ" ಅಂದೆ. ಆ ಕಡೆಯಿಂದ ಅವಳು, "ಅಜ್ಜಗ ಕೊಡು" ಅಂದಳು.

ಮಾವ ಫೋನನ್ನು ಎರಡೂ ಕೈಯಿಂದ ಹಿಡಿದು ಕಿವಿಗೆ ಒತ್ತಿಕೊಂಡರು. ಅವಳ ಮಾತು ನನಗೂ ಕೇಳಿಸಿತು. "ಅಜ್ಜಾ, ಹೊಟ್ಟಿಯೊಳಗ ಸಪ್ಪಳ ಹೆಂಗದ?"

"ತಡಿ ಅವ್ವಾ, ಇನ್ನೊಮ್ಮಿ ಕೇಳಿ ಹೇಳ್ತೀನಿ," ಅಂದರು ಮಾವ. ಫೋನನ್ನು ನನ್ನ ಕೈಗೆ ಕೊಟ್ಟು ಪಂಜರದ ಕಡೆ ನಡೆದರು.